ಮಟ್ಟ ಸರಿಯಿತ್ತು, ವಾಟ ಕಾಣಲಿಲ್ಲ: 2012ರ ಜುಲೈ ಗ್ರಿಡ್ ಕುಸಿತದ ಪ್ರಕರಣ ಅಧ್ಯಯನ

2012ರ ಜುಲೈ 30ರ ಸೋಮವಾರ, ನಸುಕಿನ 2 ಗಂಟೆ 33 ನಿಮಿಷಕ್ಕೆ, ಮಧ್ಯಪ್ರದೇಶದ ಬೀನಾದಿಂದ ಗ್ವಾಲಿಯರ್‌ಗೆ ಹೋಗುವ 400 ಕಿಲೋವೋಲ್ಟ್ ವಿದ್ಯುತ್ ಮಾರ್ಗವೊಂದು ಟ್ರಿಪ್ ಆಯಿತು, ಅಂದರೆ ತಾನಾಗಿ ಕಡಿದುಕೊಂಡಿತು. ಮುಂದಿನ ನಾಲ್ಕೈದು ಸೆಕೆಂಡುಗಳಲ್ಲಿ ಉತ್ತರ ವಲಯದ ಗ್ರಿಡ್ ದೇಶದ ಉಳಿದ ಜಾಲದಿಂದ ಬೇರ್ಪಟ್ಟಿತು, ಆಮೇಲೆ ಕುಸಿಯಿತು. ಸುಮಾರು 36,000 ಮೆಗಾವಾಟ್ ಬೇಡಿಕೆಯಿದ್ದ ಪ್ರದೇಶ ಕತ್ತಲಾಯಿತು. ರೈಲು, ಮೆಟ್ರೊ, ವಿಮಾನ ನಿಲ್ದಾಣಗಳಂಥ ತುರ್ತು ಸೇವೆಗಳಿಗೆ ಬೆಳಗಿನ ಎಂಟರ ಹೊತ್ತಿಗೆ ವಿದ್ಯುತ್ ಮರಳಿತು. ಇಡೀ ವ್ಯವಸ್ಥೆ ಮೊದಲಿನಂತಾಗಲು ಸಂಜೆ ನಾಲ್ಕಾಯಿತು. ಮರುದಿನ ಮಧ್ಯಾಹ್ನ ಸರಿಯಾಗಿ ಒಂದು ಗಂಟೆಗೆ ಅದೇ ಬೀನಾ–ಗ್ವಾಲಿಯರ್ ಮಾರ್ಗ ಅದೇ ರೀತಿಯಲ್ಲಿ ಮತ್ತೆ ಟ್ರಿಪ್ ಆಯಿತು. ಈ ಸಲ ಉತ್ತರ, ಪೂರ್ವ, ಈಶಾನ್ಯ ಎಂಬ ಮೂರು ವಲಯಗಳೂ ಒಟ್ಟಿಗೆ ಬಿದ್ದವು. ಸುಮಾರು 48,000 ಮೆಗಾವಾಟ್ ಬೇಡಿಕೆ ಕಡಿದುಹೋಯಿತು, 60 ಕೋಟಿಗೂ ಹೆಚ್ಚು ಜನರು ವಾಸಿಸುವ ಭೂಭಾಗಕ್ಕೆ ವಿದ್ಯುತ್ ಇಲ್ಲವಾಯಿತು, ನೂರಾರು ರೈಲುಗಳು ಹಳಿಯ ಮೇಲೆಯೇ ನಿಂತವು, ದೆಹಲಿ ಮೆಟ್ರೊ ಸ್ತಬ್ಧವಾಯಿತು, ಪೂರ್ವ ಭಾರತದ ಕಲ್ಲಿದ್ದಲು ಗಣಿಗಳಲ್ಲಿ ಇಳಿದಿದ್ದ ಕಾರ್ಮಿಕರು ಲಿಫ್ಟ್‌ಗಳಿಲ್ಲದೆ ಒಳಗೇ ಸಿಕ್ಕಿಕೊಂಡು ಕೆಲವು ಗಂಟೆಗಳ ನಂತರ ಹೊರಬಂದರು.

ಆ ದಿನಗಳಲ್ಲಿ ಕೇಳಿಬಂದ ಸಾಮಾನ್ಯ ವಿವರಣೆ, ದೇಶದಲ್ಲಿ ವಿದ್ಯುತ್ ಉತ್ಪಾದನೆ ಸಾಲದು ಎಂಬುದು. ಮಳೆ ತಡವಾಗಿತ್ತು, ಉತ್ತರದ ರಾಜ್ಯಗಳಲ್ಲಿ ರೈತರ ಪಂಪ್‌ಸೆಟ್‌ಗಳು ಹಗಲಿರುಳು ಓಡುತ್ತಿದ್ದವು, ಆದ್ದರಿಂದ ಗ್ರಿಡ್ ಭಾರ ತಾಳಲಾರದೆ ಬಿತ್ತು ಎಂದು ಪತ್ರಿಕೆಗಳು ಬರೆದವು. ಕೊರತೆ ನಿಜವೇ ಆದರೂ ಕುಸಿತವನ್ನು ವಿವರಿಸಲು ಅದು ಸಾಕಾಗುವುದಿಲ್ಲ ಎಂಬುದಕ್ಕೆ ಎರಡು ಅಂಕಿಗಳೇ ಸಾಕ್ಷಿ. ಜುಲೈ 30ರಂದು ಮಾರ್ಗ ಟ್ರಿಪ್ ಆಗುವ ಮುನ್ನ ಗ್ರಿಡ್‌ನ ಆವರ್ತನ, ಅಂದರೆ ಫ್ರೀಕ್ವೆನ್ಸಿ, 49.68 ಹರ್ಟ್ಸ್ ಇತ್ತು. 31ರಂದು ಅದು 49.84 ಹರ್ಟ್ಸ್. ಆಗ ಜಾರಿಯಲ್ಲಿದ್ದ ನಿಯಮದ ಪ್ರಕಾರ 49.5ರಿಂದ 50.2ರವರೆಗಿನ ಆವರ್ತನ ಸುರಕ್ಷಿತ ಪಟ್ಟಿಯೊಳಗಿತ್ತು. ಅಂದರೆ ನಿಯಂತ್ರಣ ಕೊಠಡಿಯ ಗೋಡೆಯ ಮೇಲೆ ಎಲ್ಲರೂ ಮೊದಲು ನೋಡುವ ಅಂಕಿ ಎರಡೂ ದಿನ ಸರಿಯಾಗಿಯೇ ಇತ್ತು. ಸರಿಯಿದ್ದ ಅಂಕಿಯ ಕೆಳಗೆ ಜಗತ್ತಿನ ಅತಿ ದೊಡ್ಡ ವಿದ್ಯುತ್ ಕುಸಿತ ಹೇಗೆ ಸಿದ್ಧವಾಯಿತು ಎಂಬುದೇ ಈ ಪ್ರಕರಣದ ಪ್ರಶ್ನೆ.

ಮಟ್ಟ ಮತ್ತು ವಾಟ

ಒಂದೇ ಲಯದಲ್ಲಿ ತಿರುಗುವ ನೂರಾರು ಜನರೇಟರುಗಳನ್ನು ತಂತಿಗಳಿಂದ ಬೆಸೆದಾಗ ಒಂದು ಸಿಂಕ್ರೊನಸ್ ಗ್ರಿಡ್ ಆಗುತ್ತದೆ. ಇದನ್ನು ಕೆರೆ ಮತ್ತು ಅದರ ಕಾಲುವೆಗಳ ಮೂಲಕ ಅರ್ಥಮಾಡಿಕೊಳ್ಳಬಹುದು. ಆವರ್ತನವೆಂದರೆ ಕೆರೆಯ ನೀರಿನ ಮಟ್ಟವಿದ್ದಂತೆ. ಉತ್ಪಾದನೆ ಹೆಚ್ಚಾದರೆ ಮಟ್ಟ ಏರುತ್ತದೆ, ಬಳಕೆ ಹೆಚ್ಚಾದರೆ ಇಳಿಯುತ್ತದೆ, ಮತ್ತು ದಡದ ಯಾವ ಮೂಲೆಯಲ್ಲಿ ಅಳೆದರೂ ಬಹುಮಟ್ಟಿಗೆ ಒಂದೇ ಆಗಿರುತ್ತದೆ. ಆದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ನೀರು ಹರಿಯಬೇಕಾದರೆ ವಾಟ, ಅಂದರೆ ಇಳಿಜಾರು, ಬೇಕು. ವಿದ್ಯುತ್ತಿನಲ್ಲಿ ಆ ವಾಟದ ಕೆಲಸ ಮಾಡುವುದು ಎರಡು ಊರುಗಳ ವೋಲ್ಟೇಜ್ ತರಂಗಗಳ ನಡುವಿನ ಕೋನ, ಅಂದರೆ ಫೇಸ್ ಆ್ಯಂಗಲ್. ಬೀನಾದ ತರಂಗ ಗ್ವಾಲಿಯರ್‌ನ ತರಂಗಕ್ಕಿಂತ ತುಸು ಮುಂದಿದ್ದರೆ ವಿದ್ಯುತ್ ಬೀನಾದಿಂದ ಗ್ವಾಲಿಯರ್‌ನತ್ತ ಹರಿಯುತ್ತದೆ. ಕೋನ ಹೆಚ್ಚಿದಂತೆ ಹರಿವೂ ಹೆಚ್ಚುತ್ತದೆ. ಹೋಲಿಕೆ ಇಲ್ಲಿಗೆ ಮುಗಿಯುತ್ತದೆ, ಏಕೆಂದರೆ ನೀರಿಗೆ ಇಲ್ಲದ ಮಿತಿಯೊಂದು ವಿದ್ಯುತ್ತಿಗಿದೆ: ಕೋನ 90 ಡಿಗ್ರಿಯನ್ನು ಸಮೀಪಿಸಿದಂತೆ ಹರಿವು ತುತ್ತತುದಿ ಮುಟ್ಟಿ, ಅದನ್ನು ದಾಟಿದರೆ ಹೆಚ್ಚುವ ಬದಲು ಕುಗ್ಗಲಾರಂಭಿಸುತ್ತದೆ. ಆ ಕಡೆಯ ಜನರೇಟರುಗಳಿಗೂ ಈ ಕಡೆಯ ಜನರೇಟರುಗಳಿಗೂ ಲಯ ತಪ್ಪುತ್ತದೆ. ಒಮ್ಮೆ ಲಯ ತಪ್ಪಿದರೆ ಕೂಡಿಸುವ ತಂತಿಗಳೇ ಕಡಿದುಕೊಂಡು ಎರಡೂ ಭಾಗಗಳನ್ನು ಬೇರ್ಪಡಿಸುತ್ತವೆ.

ಮಟ್ಟವನ್ನು ಯಾವ ಸಬ್‌ಸ್ಟೇಷನ್‌ನಲ್ಲಿ ನಿಂತರೂ ಒಂದು ಮೀಟರ್ ಸಾಕು, ಅಳೆಯಬಹುದು. ವಾಟವನ್ನು ಅಳೆಯಲು ಎರಡು ದೂರದ ಊರುಗಳಲ್ಲಿ ಒಂದೇ ಕ್ಷಣದಲ್ಲಿ ಅಳತೆ ನಡೆಯಬೇಕು, ಆ ಎರಡು ಅಳತೆಗಳು ಒಂದು ಜಾಗಕ್ಕೆ ಬಂದು ಸೇರಬೇಕು, ಅಲ್ಲಿ ಲೆಕ್ಕ ನಡೆಯಬೇಕು. ಸ್ಮಾರ್ಟ್ ಗ್ರಿಡ್ ಎಂಬ ಮಾತು ನಮ್ಮಲ್ಲಿ ಬಹುತೇಕ ಮನೆಯ ಗೋಡೆಗೆ ಬಂದು ಕೂರುವ ಹೊಸ ಮೀಟರಿನ ಹೆಸರಾಗಿಬಿಟ್ಟಿದೆ. ಮೀಟರು ಬೇಡವೆಂದಲ್ಲ, ಆದರೆ ಗ್ರಿಡ್ ತನ್ನ ವಾಟವನ್ನು ತಾನೇ ಕಾಣಬಲ್ಲದೇ ಎಂಬ ಪ್ರಶ್ನೆಯ ಮುಂದೆ ಅದು ಸಣ್ಣ ವಿಷಯ.

ಆ ಎರಡು ದಿನಗಳ ಸ್ಥಿತಿ

ಭಾರತದ ಐದು ವಲಯಗಳು ಒಂದೇ ಸಲ ಕೂಡಿದವಲ್ಲ. 1991ರಲ್ಲಿ ಪೂರ್ವ ಮತ್ತು ಈಶಾನ್ಯ ವಲಯಗಳು, 2003ರ ಮಾರ್ಚ್‌ನಲ್ಲಿ ಪಶ್ಚಿಮ, 2006ರ ಆಗಸ್ಟ್‌ನಲ್ಲಿ ಉತ್ತರ ವಲಯ ಒಂದರ ಹಿಂದೆ ಒಂದು ಬೆಸೆದುಕೊಂಡವು. ದಕ್ಷಿಣ ಮಾತ್ರ 2012ರಲ್ಲಿ ಇನ್ನೂ ಬೇರೆಯೇ ಲಯದಲ್ಲಿ ತಿರುಗುತ್ತಿತ್ತು. ಆ ಜುಲೈ ಕೊನೆಯ ವಾರ ಪಶ್ಚಿಮ ವಲಯದಲ್ಲಿ ಬೇಡಿಕೆ ಇಳಿದಿತ್ತು, ಅಲ್ಲಿನ ಸ್ಥಾವರಗಳು ಮಾತ್ರ ಓಡುತ್ತಲೇ ಇದ್ದವು. ಉತ್ತರ ವಲಯದ ಬೇಡಿಕೆ ಬಹಳ ಏರಿತ್ತು, ಅಲ್ಲಿನ ಉತ್ಪಾದನೆ ಅದಕ್ಕೆ ಸಾಲುತ್ತಿರಲಿಲ್ಲ. ಹೀಗಾಗಿ ಪಶ್ಚಿಮದಿಂದ ಉತ್ತರಕ್ಕೆ ವಾಟ ಕಡಿದಾಗುತ್ತ ಹೋಯಿತು. ಒಟ್ಟು ಜಾಲದ ಲೆಕ್ಕದಲ್ಲಿ ಉತ್ಪಾದನೆ ಮತ್ತು ಬಳಕೆ ಹೆಚ್ಚುಕಡಿಮೆ ಸರಿದೂಗುತ್ತಿದ್ದುದರಿಂದ ಮಟ್ಟ ಮಾತ್ರ ನೆಟ್ಟಗೇ ನಿಂತಿತ್ತು.

ಹರಿಯುವ ಕಾಲುವೆಗಳಾದರೂ ಅಗಲವಾಗಿದ್ದವೇ ಎಂದರೆ ಅದೂ ಇಲ್ಲ. ಬೀನಾ–ಗ್ವಾಲಿಯರ್–ಆಗ್ರಾ ಮಾರ್ಗದ ಎರಡು ಸರ್ಕ್ಯೂಟ್‌ಗಳಲ್ಲಿ ಒಂದನ್ನು 765 ಕಿಲೋವೋಲ್ಟ್‌ಗೆ ಏರಿಸುವ ಕೆಲಸಕ್ಕಾಗಿ ಮೊದಲೇ ನಿಲ್ಲಿಸಲಾಗಿತ್ತು. ಬೇರೆ ಕೆಲವು ಅಂತರವಲಯ ಮಾರ್ಗಗಳೂ ಆಗ ಲಭ್ಯವಿರಲಿಲ್ಲ. ಕೊನೆಗೆ ಪಶ್ಚಿಮ ಮತ್ತು ಉತ್ತರ ವಲಯಗಳ ನಡುವೆ ಹೇಳಿಕೊಳ್ಳಬಹುದಾದ ಏಕೈಕ ಎಸಿ (ಪರ್ಯಾಯ ವಿದ್ಯುತ್) ಕೊಂಡಿಯಾಗಿ ಉಳಿದದ್ದು ಬೀನಾ–ಗ್ವಾಲಿಯರ್‌ನ ಒಂದೇ ಒಂದು ಸರ್ಕ್ಯೂಟ್. ಯಾವುದೇ ಒಂದು ಮಾರ್ಗ ಕೈಕೊಟ್ಟರೂ ಉಳಿದವು ಭಾರ ಹೊರಬೇಕು ಎಂಬುದು ಪ್ರಸರಣ ಎಂಜಿನಿಯರಿಂಗಿನ ಮೊದಲ ಪಾಠ. ಆ ರಾತ್ರಿ ಆ ಪಾಠಕ್ಕೆ ಜಾಲದಲ್ಲಿ ಜಾಗವೇ ಉಳಿದಿರಲಿಲ್ಲ.

ಪ್ರತಿ ವಲಯದ ಗ್ರಿಡ್ ನೋಡಿಕೊಳ್ಳುವ ವಲಯ ಕೇಂದ್ರಗಳಿಗೆ ಇದು ಗೊತ್ತಿರಲಿಲ್ಲವೆಂದು ಹೇಳುವಂತಿಲ್ಲ. ಮಾರ್ಗದ ಮೇಲಿನ ಹೊರೆ ಪರದೆಯ ಮೇಲೆ ಕಾಣುತ್ತಿತ್ತು. ಹೆಚ್ಚು ಸೆಳೆಯುತ್ತಿದ್ದ ಉತ್ತರದ ರಾಜ್ಯಗಳಿಗೆ ಬೇಡಿಕೆ ತಗ್ಗಿಸುವಂತೆಯೂ, ಪಶ್ಚಿಮದ ಕಡೆಗೆ ಉತ್ಪಾದನೆ ಇಳಿಸುವಂತೆಯೂ ಸೂಚನೆಗಳು ಹೋದವು. ರಾಜ್ಯದೊಳಗೆ ವಿದ್ಯುತ್ ಹಂಚಿಕೆ ನಿಯಂತ್ರಿಸುವ ರಾಜ್ಯ ಲೋಡ್ ಡಿಸ್ಪ್ಯಾಚ್ ಕೇಂದ್ರಗಳಿಂದ ಬಂದ ಸ್ಪಂದನೆ ಸಾಲದಾಯಿತು ಎಂದು ನಂತರದ ತನಿಖಾ ಸಮಿತಿ ನೇರವಾಗಿಯೇ ಬರೆದಿದೆ.

ಅವು ಏಕೆ ಸ್ಪಂದಿಸಲಿಲ್ಲ ಎಂಬುದನ್ನು ರಾಜಕೀಯದ ಉದಾಸೀನ ಎಂದಷ್ಟೇ ತಳ್ಳಿಹಾಕುವುದು ಸುಲಭ. ನನಗೆ ಕಾಣುವಂತೆ ಅದಕ್ಕಿಂತ ಆಳವಾದ ಕಾರಣ ದರದ ವ್ಯವಸ್ಥೆಯಲ್ಲಿತ್ತು. ದಿನವನ್ನು 15 ನಿಮಿಷಗಳ 96 ತುಂಡುಗಳಾಗಿ ಒಡೆದು ಪ್ರತಿ ರಾಜ್ಯವೂ ಎಷ್ಟು ಸೆಳೆಯಬೇಕೆಂದು ಮೊದಲೇ ನಿಗದಿ ಮಾಡುವ, ನಿಗದಿ ಮೀರಿದ ವಿನಿಮಯಕ್ಕೆ ಆವರ್ತನವನ್ನು ನೋಡಿ ದರ ಕಟ್ಟುವ ಪದ್ಧತಿ 2002–03ರಿಂದ ಜಾರಿಯಲ್ಲಿತ್ತು. ಆವರ್ತನ ಕುಸಿದಾಗ ಹೆಚ್ಚುವರಿ ಯೂನಿಟ್ ತುಟ್ಟಿ, ಏರಿದಾಗ ಅಗ್ಗ. 2001ರ ಜನವರಿ 2ರಂದು ಉತ್ತರ ಗ್ರಿಡ್ ಒಮ್ಮೆ ಪೂರ್ತಿ ಕುಸಿದಿದ್ದ ಕಾಲದ ಅಶಿಸ್ತಿನ ಎದುರು ಇದು ದೊಡ್ಡ ಸುಧಾರಣೆಯೇ ಆಗಿತ್ತು, ಏಕೆಂದರೆ ಪ್ರತಿ ಸಬ್‌ಸ್ಟೇಷನ್‌ನಲ್ಲೂ ಕಾಣುವ ಒಂದೇ ಅಂಕಿ ದರದ ಫಲಕವಾಯಿತು, ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ. ಆದರೆ ಆ ಫಲಕ ಮಟ್ಟವನ್ನು ಮಾತ್ರ ಓದುತ್ತಿತ್ತು. ವಾಟ ಎಷ್ಟೇ ಕಡಿದಾಗಿರಲಿ, ಒಂದು ಮಾರ್ಗ ಎಷ್ಟೇ ಬಿಗಿಯಾಗಿರಲಿ, 49.84 ಹರ್ಟ್ಸ್‌ನಲ್ಲಿ ಹೆಚ್ಚು ಸೆಳೆಯುವ ರಾಜ್ಯಕ್ಕೆ ಅಂಥ ದಂಡವೇನೂ ಬೀಳುತ್ತಿರಲಿಲ್ಲ. ವಲಯ ಕೇಂದ್ರ ಬಾಯಲ್ಲಿ ಬೇಡವೆನ್ನುತ್ತಿತ್ತು. ದರ ಮಾತ್ರ ಬೇಡವೆನ್ನುತ್ತಿರಲಿಲ್ಲ.

ದೂರವನ್ನು ತಪ್ಪಾಗಿ ಅಳೆದ ರಿಲೇ

ಪ್ರತಿ ದೊಡ್ಡ ಮಾರ್ಗದ ತುದಿಯಲ್ಲೂ ಡಿಸ್ಟೆನ್ಸ್ ರಿಲೇ ಎಂಬ ಕಾವಲುಗಾರನಿರುತ್ತಾನೆ. ಅದು ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿ, ಬಂದ ಉತ್ತರದಿಂದ ದೋಷ ಎಷ್ಟು ದೂರದಲ್ಲಿದೆ ಎಂದು ಊಹಿಸುತ್ತದೆ. ಹತ್ತಿರ ಎಲ್ಲೋ ತಂತಿ ಕಡಿದು ನೆಲಕ್ಕೆ ತಾಗಿದರೆ ವೋಲ್ಟೇಜ್ ಕುಸಿದು ಕರೆಂಟ್ ಏರುತ್ತದೆ, ಭಾಗಲಬ್ಧ ಸಣ್ಣದಾಗುತ್ತದೆ, ರಿಲೇ ಕ್ಷಣಾರ್ಧದಲ್ಲಿ ಮಾರ್ಗವನ್ನು ಕಡಿಯುತ್ತದೆ. ದೂರದ ದೋಷಕ್ಕೆ ಬೇರೊಂದು ರಿಲೇ ಹೊಣೆ. ಅದು ಸೋತರೆ ಮಾತ್ರ ತುಸು ಕಾದು ತಾನು ಕಡಿಯಲಿ ಎಂದು ಮೂರನೆಯ ವಲಯದ ಒಂದು ವಿಶಾಲ ಸೆಟ್ಟಿಂಗ್ ಇಟ್ಟಿರುತ್ತಾರೆ (ಇಲ್ಲಿ ವಲಯವೆಂದರೆ ರಿಲೇ ಕಾಯುವ ದೂರದ ಹಂತ, ದೇಶದ ಗ್ರಿಡ್ ವಲಯವಲ್ಲ). ಜುಲೈ 30ರಂದೂ 31ರಂದೂ ಬೀನಾ–ಗ್ವಾಲಿಯರ್ ಮಾರ್ಗವನ್ನು ಕಡಿದದ್ದು ಈ ಮೂರನೆಯ ವಲಯವೇ. ದಾಖಲೆ ಯಂತ್ರಗಳಲ್ಲಿ ನೋಡಿದರೆ ಮಾರ್ಗದಲ್ಲಿ ದೋಷದ ಸುಳಿವೂ ಇರಲಿಲ್ಲ. ಭಾರೀ ಹೊರೆಯಿಂದ ಕರೆಂಟ್ ಏರಿ, ವೋಲ್ಟೇಜ್ ತಗ್ಗಿ, ಎರಡರ ಭಾಗಲಬ್ಧ ದೂರದ ದೋಷದಂತೆ ಕಂಡಿತು. ರಿಲೇ ತನಗೆ ಹೇಳಿಕೊಟ್ಟಂತೆ ನಡೆದುಕೊಂಡಿತು, ಅಷ್ಟೆ.

ಇದು ಹೊಸ ಪಾಠವೂ ಆಗಿರಲಿಲ್ಲ ಎಂಬುದು ಹೆಚ್ಚು ಕಾಡುವ ಸಂಗತಿ. 2003ರ ಆಗಸ್ಟ್ 14ರಂದು ಅಮೆರಿಕದ ಈಶಾನ್ಯ ಭಾಗ ಮತ್ತು ಕೆನಡಾದ ಒಂಟಾರಿಯೊ ಕತ್ತಲಾದಾಗ ಒಹಾಯೊದ ಸ್ಯಾಮಿಸ್–ಸ್ಟಾರ್ ಎಂಬ 345 ಕಿಲೋವೋಲ್ಟ್ ಮಾರ್ಗವನ್ನು ಕಡಿದದ್ದೂ ದೋಷವೇ ಇಲ್ಲದೆ ಹೊರೆಯನ್ನು ದೋಷವೆಂದು ಓದಿದ ಮೂರನೆಯ ವಲಯದ ರಿಲೇಯೇ. ಒಂಬತ್ತು ವರ್ಷಗಳ ನಂತರ ಅದೇ ಕಥೆ ಬುಂದೇಲಖಂಡದ ಅಂಚಿನಲ್ಲಿ ಮರುಕಳಿಸಿತು.

ಮಾರ್ಗ ಕಡಿದ ಮೇಲೆ ಪಶ್ಚಿಮದಿಂದ ಉತ್ತರಕ್ಕೆ ಹರಿಯುತ್ತಿದ್ದ ವಿದ್ಯುತ್ ಪೂರ್ವ ವಲಯವನ್ನು ಬಳಸಿಕೊಂಡು ಸುತ್ತುದಾರಿ ಹಿಡಿಯಿತು. ಸುತ್ತುದಾರಿ ಉದ್ದವಾದಷ್ಟೂ ವಾಟ ಇನ್ನಷ್ಟು ಕಡಿದಾಗುತ್ತದೆ. ಕೋನಗಳು ಹಿಗ್ಗಿ ಜಾಲ ತೂಗಾಡಲಾರಂಭಿಸಿತು; ಆ ತೂಗಾಟದ ನಡುಬಿಂದು ಎಲ್ಲಿ ಬಿತ್ತೋ ಅಲ್ಲಿಯ ಮಾರ್ಗಗಳು ಸಾಲಾಗಿ ಕಡಿದವು. 30ರಂದು ಆ ಬಿಂದು ಉತ್ತರ ಮತ್ತು ಪೂರ್ವ ವಲಯಗಳ ಗಡಿಯಲ್ಲಿತ್ತು, ಹಾಗಾಗಿ ಉತ್ತರ ವಲಯವೊಂದೇ ತುಂಡಾಗಿ ಹೊರಬಿದ್ದು 5,800 ಮೆಗಾವಾಟ್‌ನಷ್ಟು ಆಮದನ್ನು ಒಮ್ಮೆಗೇ ಕಳೆದುಕೊಂಡಿತು. 31ರಂದು ಅದು ಪೂರ್ವ ವಲಯದೊಳಗೆ, ಪಶ್ಚಿಮದ ಗಡಿಗೆ ಹತ್ತಿರವಾಗಿ ಬಿತ್ತು. ಪಶ್ಚಿಮ ವಲಯ ಒಂದು ಕಡೆ ಉಳಿದು, ಮಿಕ್ಕ ಮೂರು ವಲಯಗಳು ಸುಮಾರು 3,000 ಮೆಗಾವಾಟ್ ಕೊರತೆಯೊಂದಿಗೆ ಇನ್ನೊಂದು ಕಡೆ ಉಳಿದವು. ಹೊರೆ ಕಳೆದುಕೊಂಡ ಪಶ್ಚಿಮದ ಆವರ್ತನ ಎರಡೂ ದಿನ ಮೇಲಕ್ಕೆ ಜಿಗಿಯಿತು, ಆದರೆ ಬದುಕಿತು.

ಇಷ್ಟಾದರೂ ಬಿದ್ದ ಭಾಗಗಳನ್ನು ಉಳಿಸಿಕೊಳ್ಳಲು ಕೊನೆಯ ಬಲೆಯೊಂದು ಇರಬೇಕಿತ್ತು. ಆವರ್ತನ ಜರ್ರನೆ ಇಳಿದರೆ ತಾನಾಗಿಯೇ ಫೀಡರುಗಳನ್ನು ಕಡಿದು ಹೊರೆ ಇಳಿಸುವ ರಿಲೇಗಳು ಪ್ರತಿ ರಾಜ್ಯದಲ್ಲೂ ಅಳವಡಿಸಿರಬೇಕು. ಕಾಗದದ ಮೇಲೆ ಸಾವಿರಾರು ಮೆಗಾವಾಟ್ ಹೊರೆ ಅವುಗಳ ಕೈಯಲ್ಲಿತ್ತು. ಅವು ನಿರೀಕ್ಷಿಸಿದ ಪ್ರಮಾಣದಲ್ಲಿ ಕೆಲಸ ಮಾಡಲಿಲ್ಲ. ಅದೇ ಹೊತ್ತಿಗೆ ಆ ಎರಡು ದಿನಗಳಲ್ಲಿ ಕೋಲ್ಕತ್ತಾ ನಗರದ ವಿದ್ಯುತ್ ಕಂಪನಿಯ ಪ್ರದೇಶ, ನರೋರಾ ಅಣುಸ್ಥಾವರ, ದೆಹಲಿಯ ಬದರ್ಪುರದಂಥ ಕೆಲವು ತಾಣಗಳು ಕತ್ತಲ ಸಮುದ್ರದ ನಡುವೆ ದ್ವೀಪಗಳಾಗಿ ಉಳಿದವು. ಮೊದಲೇ ಯೋಚಿಸಿ ಕಟ್ಟಿದ್ದ ಕಡೆ ಸ್ಥಳೀಯ ರಕ್ಷಣೆ ಕೆಲಸ ಮಾಡುತ್ತದೆ ಎಂಬುದಕ್ಕೆ ಅವೇ ಪುರಾವೆ.

ದಕ್ಷಿಣ ಉಳಿದದ್ದು ಹೇಗೆ

ಆ ಎರಡು ದಿನ ಕರ್ನಾಟಕ ಕತ್ತಲಾಗಲಿಲ್ಲ. ನಮ್ಮ ಗ್ರಿಡ್ ಹೆಚ್ಚು ಜಾಣವಾಗಿತ್ತು ಎಂಬ ಹೆಮ್ಮೆಗೆ ಕಾರಣವಿಲ್ಲ; ಬೆಸುಗೆ ಬೇರೆ ಥರದ್ದಾಗಿತ್ತು. ದಕ್ಷಿಣ ವಲಯ ಉಳಿದ ದೇಶದೊಂದಿಗೆ ಡಿಸಿ (ನೇರ ವಿದ್ಯುತ್) ಕೊಂಡಿಗಳ ಮೂಲಕ ಮಾತ್ರ ಸೇರಿತ್ತು. ಅವುಗಳಲ್ಲಿ ದೊಡ್ಡದು ಒಡಿಶಾದ ತಾಲ್ಚೇರ್‌ನಿಂದ ನಮ್ಮ ಕೋಲಾರಕ್ಕೆ ಬರುವ 2,500 ಮೆಗಾವಾಟ್ ಸಾಮರ್ಥ್ಯದ ಮಾರ್ಗ. (1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಸುಮಾರು 147 ಕಿಲೋಮೀಟರ್ ದೂರ ತಂದು ಇಳಿಸಿದ್ದು ಇದೇ ಕೋಲಾರದ ಚಿನ್ನದ ಗಣಿಗೆ, ನೂರು ವರ್ಷ ಕಳೆದು ಒಡಿಶಾದ ಕಲ್ಲಿದ್ದಲಿನ ವಿದ್ಯುತ್ತೂ ಇದೇ ಜಿಲ್ಲೆಗೆ ಬಂದು ಇಳಿದದ್ದು ಒಂದು ಕಾಕತಾಳೀಯ.) ಡಿಸಿ ಕೊಂಡಿಯಲ್ಲಿ ಕೋನದ ಪ್ರಶ್ನೆಯಿಲ್ಲ, ಲಯ ಹೊಂದಬೇಕಾಗಿಲ್ಲ, ಆ ಕಡೆ ತೂಗಾಡಿದರೆ ಈ ಕಡೆಗೆ ಅದು ದಾಟುವುದಿಲ್ಲ.

ಆದರೂ 31ರಂದು ಪೂರ್ವ ವಲಯ ಬಿದ್ದಾಗ ದಕ್ಷಿಣಕ್ಕೆ ಬರುತ್ತಿದ್ದ ಆಮದು ಕುಸಿಯಿತು, ಆವರ್ತನ ಇಳಿಯಿತು. ಇಲ್ಲಿ ಆವರ್ತನ ರಿಲೇಗಳು ಹೊರೆ ಕಡಿದವು, ಡಿಸಿ ಕೊಂಡಿಗಳ ಹರಿವನ್ನು ತಕ್ಷಣ ಬದಲಿಸಲಾಯಿತು, ದಕ್ಷಿಣ ವಲಯ ನಿಂತಿತು. ತಾಲ್ಚೇರ್–ಕೋಲಾರ ಮಾರ್ಗ ಒಮ್ಮೆಗೇ ನಿಂತರೆ ದಕ್ಷಿಣದ ರಾಜ್ಯಗಳಲ್ಲಿ ಮೊದಲೇ ಗುರುತಿಸಿದ ಹೊರೆಗಳು ತಾವಾಗಿಯೇ ಕಡಿದುಕೊಳ್ಳುವ ವಿಶೇಷ ರಕ್ಷಣಾ ವ್ಯವಸ್ಥೆಯನ್ನು ಬಹಳ ಹಿಂದೆಯೇ ಅಳವಡಿಸಲಾಗಿತ್ತು. ಕೊರತೆಯ ದಿನಗಳಲ್ಲಿ ಕೋಲಾರದ ಸಂಕೇತ ಬಂದು ತಮ್ಮ ಫೀಡರ್ ಏಕಾಏಕಿ ಹೋಯಿತೆಂದು ಬೈದುಕೊಂಡ ಊರುಗಳಿಗೆ ಅದು ಬರಿಯ ಲೋಡ್ ಶೆಡ್ಡಿಂಗ್‌ನಂತೆ ಕಂಡಿರಬಹುದು. ಒಂದು ದೊಡ್ಡ ಸರಬರಾಜು ತಪ್ಪಿದ ಕ್ಷಣದಲ್ಲಿ ಅಷ್ಟೇ ಹೊರೆಯನ್ನು ತಾನಾಗಿ ಇಳಿಸುವ ಆ ಶಿಸ್ತೇ ಉತ್ತರದಲ್ಲಿ ಇಲ್ಲದಿದ್ದದ್ದು.

ನಿಯಂತ್ರಣ ಕೊಠಡಿಗೆ ಏನು ಕಾಣುತ್ತಿತ್ತು

ಸಬ್‌ಸ್ಟೇಷನ್‌ಗಳಿಂದ ಬರುವ ಅಳತೆಗಳು ಕೆಲವು ಸೆಕೆಂಡುಗಳಿಗೊಮ್ಮೆ, ದೂರದ ಅಳತೆಗಳನ್ನು ಸಂಗ್ರಹಿಸುವ ಸ್ಕಾಡಾ ಎಂಬ ಕಂಪ್ಯೂಟರ್ ವ್ಯವಸ್ಥೆಯ ಮೂಲಕ ಮೊದಲು ರಾಜ್ಯದ ಕೇಂದ್ರಕ್ಕೆ, ಅಲ್ಲಿಂದ ದೆಹಲಿ, ಮುಂಬೈ, ಕೋಲ್ಕತ್ತಾ, ಶಿಲ್ಲಾಂಗ್, ಬೆಂಗಳೂರುಗಳಲ್ಲಿರುವ ವಲಯ ಕೇಂದ್ರಗಳಿಗೆ, ಅಲ್ಲಿಂದ ರಾಷ್ಟ್ರೀಯ ಕೇಂದ್ರಕ್ಕೆ ಏರುತ್ತವೆ. ಈ ಅಳತೆಗಳು ಒಂದೇ ಕ್ಷಣದ್ದಾಗಿರುವುದಿಲ್ಲ, ಕೆಲವು ಬರುವುದೇ ಇಲ್ಲ, ಕೆಲವು ತಪ್ಪಾಗಿರುತ್ತವೆ. ಅಂಥ ಅರೆಬರೆ ಅಂಕಿಗಳಿಂದ ಇಡೀ ಜಾಲದ ಅತಿ ಸಂಭವನೀಯ ಸ್ಥಿತಿಯನ್ನು ಲೆಕ್ಕ ಹಾಕಿ ತೆಗೆಯುವ ವಿಧಾನವನ್ನು ಎಂಐಟಿಯ ಫ್ರೆಡ್ ಶ್ವೆಪ್ಪೆ 1970ರಲ್ಲಿ ಮಂಡಿಸಿದರು. ಅದನ್ನು ಸ್ಟೇಟ್ ಎಸ್ಟಿಮೇಷನ್ ಎನ್ನುತ್ತಾರೆ. ಅದರಿಂದ ಕೋನಗಳೂ ಹೊರಬರುತ್ತವೆ, ಆದರೆ ಅವು ಕಂಡ ಕೋನಗಳಲ್ಲ, ಊಹಿಸಿದ ಕೋನಗಳು, ಅದೂ ನಿಮಿಷಗಳಷ್ಟು ಹಳೆಯವು. ಅಂಕಿ ಬಾರದ ಸಬ್‌ಸ್ಟೇಷನ್‌ಗಳು ಹೆಚ್ಚಿದಂತೆ ಊಹೆ ದುರ್ಬಲವಾಗುತ್ತದೆ. 2003ರ ಅಮೆರಿಕದ ಪ್ರಕರಣದಲ್ಲಿ ಈ ಲೆಕ್ಕದ ತಂತ್ರಾಂಶವನ್ನು ದುರಸ್ತಿಗೆಂದು ಕೈಯಿಂದ ನಡೆಸಿದವರು ಅದನ್ನು ಮತ್ತೆ ತಾನಾಗಿ ಓಡುವಂತೆ ಮಾಡುವುದನ್ನೇ ಮರೆತಿದ್ದರು.

ಕೋನವನ್ನು ಊಹಿಸುವ ಬದಲು ನೇರವಾಗಿ ಅಳೆಯುವ ಉಪಕರಣ ಫೇಸರ್ ಮೆಷರ್‌ಮೆಂಟ್ ಯೂನಿಟ್, ಚಿಕ್ಕದಾಗಿ ಪಿಎಂಯು. ಖರಗ್‌ಪುರದ ಐಐಟಿಯಲ್ಲಿ ಓದಿದ ಅರುಣ್ ಫಡ್ಕೆ, ಜೇಮ್ಸ್ ಥಾರ್ಪ್ ಜೊತೆಗೂಡಿ ಅಮೆರಿಕದ ವರ್ಜೀನಿಯಾ ಟೆಕ್‌ನಲ್ಲಿ 1988ರ ಹೊತ್ತಿಗೆ ಇದರ ಮೊದಲ ಮಾದರಿ ಸಿದ್ಧಪಡಿಸಿದರು. ಇದರ ಗುಟ್ಟು ಗಡಿಯಾರದಲ್ಲಿದೆ. 50 ಹರ್ಟ್ಸ್‌ನ ಒಂದು ಸುತ್ತಿಗೆ 20 ಮಿಲಿಸೆಕೆಂಡ್. ಅದು 360 ಡಿಗ್ರಿ. ಎರಡು ಊರಿನ ಗಡಿಯಾರಗಳಲ್ಲಿ ಒಂದೇ ಒಂದು ಮಿಲಿಸೆಕೆಂಡ್ ವ್ಯತ್ಯಾಸವಿದ್ದರೂ ಕೋನದಲ್ಲಿ 18 ಡಿಗ್ರಿ ತಪ್ಪಾಗುತ್ತದೆ. ಆದ್ದರಿಂದ ಪ್ರತಿ ಉಪಕರಣವೂ ಜಿಪಿಎಸ್ ಉಪಗ್ರಹಗಳ ಸಮಯಕ್ಕೆ ಕಟ್ಟಿಕೊಂಡು, ಸೆಕೆಂಡಿಗೆ 25 ಸಲ ಅಳೆದು, ಅಳತೆಯ ಮೇಲೆ ಸಮಯದ ಮುದ್ರೆ ಒತ್ತಿ ಕಳಿಸುತ್ತದೆ. ಸ್ಕಾಡಾ ಫೋಟೊ ತೆಗೆದರೆ ಇದು ಚಲನಚಿತ್ರ ತೆಗೆಯುತ್ತದೆ ಎಂದರೆ ತಪ್ಪಾಗದು.

ಉತ್ತರ ವಲಯದಲ್ಲಿ 2010ರಲ್ಲೇ ಪ್ರಾಯೋಗಿಕವಾಗಿ ಬೆರಳೆಣಿಕೆಯಷ್ಟು ಪಿಎಂಯುಗಳನ್ನು ಕೂರಿಸಲಾಗಿತ್ತು. 2012ರ ಕುಸಿತದಲ್ಲಿ ಅವು ಎಲ್ಲವನ್ನೂ ದಾಖಲಿಸಿದವು. ಯಾವ ಮಾರ್ಗ ಯಾವ ಕ್ಷಣಕ್ಕೆ ಕಡಿಯಿತು, ತೂಗಾಟ ಎಲ್ಲಿಂದ ಹೊರಟಿತು ಎಂಬುದನ್ನು ತನಿಖಾ ಸಮಿತಿ ಪುನರ್ರಚಿಸಲು ಅವುಗಳ ದಾಖಲೆ ತುಂಬ ನೆರವಾಯಿತು. ಅಂದರೆ ಅಂದು ಆ ಉಪಕರಣಗಳು ನಿರ್ವಹಿಸಿದ ಪಾತ್ರ ಮರಣೋತ್ತರ ಪರೀಕ್ಷೆಯದು. ವಾಟವನ್ನು ಕಣ್ಣಾರೆ ಕಾಣುವ ಯಂತ್ರ ಜಾಲದಲ್ಲಿ ಇತ್ತು. ಕಂಡದ್ದನ್ನು ಆ ಕ್ಷಣದಲ್ಲೇ ಎಚ್ಚರಿಕೆಯಾಗಿ ಮಾರ್ಪಡಿಸುವ ಲೆಕ್ಕ ಇರಲಿಲ್ಲ.

ಲೆಕ್ಕವನ್ನು ಹಂಚಿಕೊಳ್ಳುವ ಪ್ರಶ್ನೆ

ಇಲ್ಲಿಗೆ ಗ್ರಿಡ್ ಎಂಬ ಪದದ ಇನ್ನೊಂದು ಅರ್ಥ ಬಂದು ಸೇರುತ್ತದೆ. 1990ರ ದಶಕದ ಕೊನೆಯಲ್ಲಿ ಇಯಾನ್ ಫೋಸ್ಟರ್, ಕಾರ್ಲ್ ಕೆಸೆಲ್‌ಮನ್ ಮೊದಲಾದವರು, ಬೇರೆ ಬೇರೆ ಸಂಸ್ಥೆಗಳ ಒಡೆತನದಲ್ಲಿರುವ ಕಂಪ್ಯೂಟರುಗಳನ್ನು ಜಾಲವಾಗಿ ಬೆಸೆದು, ಪ್ಲಗ್ ಚುಚ್ಚಿ ವಿದ್ಯುತ್ ಪಡೆದಂತೆ ಗಣನ ಶಕ್ತಿಯನ್ನು ಪಡೆಯುವ ಕಲ್ಪನೆಗೆ ಗ್ರಿಡ್ ಕಂಪ್ಯೂಟಿಂಗ್ ಎಂಬ ಹೆಸರನ್ನು ವಿದ್ಯುತ್ ಜಾಲದಿಂದಲೇ ತೆಗೆದುಕೊಂಡರು. ನಮ್ಮಲ್ಲಿ ಬೆಂಗಳೂರಿನ ಸಿ-ಡಾಕ್ ಎಂಬ ಸರ್ಕಾರಿ ಕಂಪ್ಯೂಟಿಂಗ್ ಸಂಶೋಧನಾ ಸಂಸ್ಥೆಯ ನೇತೃತ್ವದಲ್ಲಿ ಗರುಡ ಎಂಬ ರಾಷ್ಟ್ರೀಯ ಗಣನ ಜಾಲ 17 ನಗರಗಳ 45 ಸಂಸ್ಥೆಗಳನ್ನು ಕೂಡಿಸಿಕೊಂಡು ಆರಂಭವಾಯಿತು. ಅದರ ಗುರಿ ಮುಖ್ಯವಾಗಿ ವೈಜ್ಞಾನಿಕ ಸಂಶೋಧನೆ. ವಿದ್ಯುತ್ತಿನಿಂದ ಹೆಸರು ಪಡೆದ ತಂತ್ರ ವಿದ್ಯುತ್ತಿಗೆ ಏನು ಮರಳಿ ಕೊಡಬಲ್ಲದು ಎಂಬುದನ್ನು ಈ ಪ್ರಕರಣದ ಬೆಳಕಿನಲ್ಲಿ ಕೇಳಬಹುದು.

ಒಂದು ಕೆಲಸಕ್ಕಂತೂ ಅದು ಹೇಳಿ ಮಾಡಿಸಿದಂತಿದೆ. ಈ ಮಾರ್ಗ ಹೋದರೆ ಏನಾಗುತ್ತದೆ, ಆ ಟ್ರಾನ್ಸ್‌ಫಾರ್ಮರ್ ಹೋದರೆ ಏನಾಗುತ್ತದೆ ಎಂದು ಸಾವಿರಾರು ಸಾಧ್ಯತೆಗಳನ್ನು ಒಂದೊಂದಾಗಿ ಲೆಕ್ಕ ಹಾಕುವ ಕೆಲಸದಲ್ಲಿ ಪ್ರತಿ ಪ್ರಶ್ನೆಯೂ ಸ್ವತಂತ್ರ. ಒಂದರ ಉತ್ತರಕ್ಕೆ ಇನ್ನೊಂದು ಕಾಯಬೇಕಾಗಿಲ್ಲ. ನೂರು ಯಂತ್ರಗಳಿಗೆ ಹಂಚಿದರೆ ಬಹುಮಟ್ಟಿಗೆ ನೂರರಷ್ಟು ಬೇಗ ಮುಗಿಯುತ್ತದೆ. ಜುಲೈ 30ರ ರಾತ್ರಿ ಇಡೀ ಜಾಲದ ನಿಜಸ್ಥಿತಿಯ ಮೇಲೆ ಇಂಥ ಲೆಕ್ಕ ಕೆಲವು ನಿಮಿಷಗಳಿಗೊಮ್ಮೆ ನಡೆಯುತ್ತಿದ್ದರೆ, ಬೀನಾ–ಗ್ವಾಲಿಯರ್ ಹೋದರೆ ಉತ್ತರ ವಲಯ ಉಳಿಯುವುದಿಲ್ಲ ಎಂಬ ಉತ್ತರ ಸೂಚನೆಗಳ ಜೊತೆಗೇ ಹೋಗುತ್ತಿತ್ತು. ಸ್ಟೇಟ್ ಎಸ್ಟಿಮೇಷನ್ ಹಾಗಲ್ಲ. ಅದನ್ನು ಹಂಚಬಹುದು, ಪ್ರತಿ ವಲಯವೂ ತನ್ನ ಪಾಲನ್ನು ಲೆಕ್ಕ ಹಾಕಿ ಗಡಿಯ ಮೌಲ್ಯಗಳನ್ನು ನೆರೆಯ ವಲಯಕ್ಕೆ ಕೊಟ್ಟು, ಅವರದನ್ನು ಪಡೆದು, ಒಪ್ಪಿಗೆಯಾಗುವವರೆಗೆ ಮತ್ತೆ ಮತ್ತೆ ಲೆಕ್ಕಿಸಬೇಕು. ಬೀನಾ ಪಶ್ಚಿಮ ವಲಯದ್ದು, ಆಗ್ರಾ ಉತ್ತರದ್ದು. ಅಪಾಯ ಕೂತಿದ್ದದ್ದು ಸರಿಯಾಗಿ ಆ ಗಡಿಯಲ್ಲಿ, ಪ್ರತಿ ಕೇಂದ್ರವೂ ಆಚೆಗಿನದನ್ನು ಸರಳಗೊಳಿಸಿ ನೋಡುವ ಜಾಗದಲ್ಲಿ.

ಆದರೆ ಗಣನ ಶಕ್ತಿಯ ಕೊರತೆಯೇ ಮುಖ್ಯ ಅಡ್ಡಿಯಾಗಿತ್ತು ಎಂದು ನಾನು ಒಪ್ಪಲಾರೆ. ಅಂಕಿ ಕಳಿಸದ ಸಬ್‌ಸ್ಟೇಷನ್‌ಗೆ ಎಷ್ಟು ಕಂಪ್ಯೂಟರು ಕೂಡಿಸಿದರೂ ಉತ್ತರವಿಲ್ಲ. ಅಲ್ಲದೆ ಪ್ರಯೋಗಾಲಯಗಳ ನಡುವೆ ಸಲೀಸಾಗಿ ಹಂಚಿಕೊಳ್ಳುವ ಯಂತ್ರಗಳನ್ನು ಗ್ರಿಡ್ ನಿಯಂತ್ರಣಕ್ಕೆ ಬಿಟ್ಟುಕೊಡುವುದರಲ್ಲಿ ಸೈಬರ್ ದಾಳಿಯ ಭಯವಿದೆ. ಹಂಚಿ ಲೆಕ್ಕಿಸುವ ವಿಧಾನವನ್ನು ಮಾತ್ರ ಪಡೆದು, ಯಂತ್ರ ಮತ್ತು ತಂತುಗಳನ್ನು ಪ್ರತ್ಯೇಕವಾಗಿಡುವುದೇ ವಿವೇಕದ ದಾರಿ. ತನಿಖಾ ಸಮಿತಿಯೂ ಕೇಂದ್ರಗಳ ನಡುವೆ ಪ್ರತ್ಯೇಕ ಆಪ್ಟಿಕಲ್ ಫೈಬರ್‌ಗಳ ಮೇಲಿನ ನಂಬಿಗಸ್ತ ಸಂಪರ್ಕ ಜಾಲವನ್ನು ಕಟ್ಟಬೇಕೆಂದಿತು.

ಆನಂತರ

ಎರಡನೆಯ ಕುಸಿತದ ದಿನವೇ ಸುಶೀಲ್‌ಕುಮಾರ್ ಶಿಂಧೆ ಗೃಹ ಖಾತೆಗೆ ನೇಮಕಗೊಂಡು, ಇಂಧನ ಖಾತೆಯ ಹೊಣೆ ಎಂ. ವೀರಪ್ಪ ಮೊಯಿಲಿಯವರಿಗೆ ಬಂತು. ಕೇಂದ್ರ ವಿದ್ಯುತ್ ಪ್ರಾಧಿಕಾರದ ಅಧ್ಯಕ್ಷ ಎ.ಎಸ್. ಬಕ್ಷಿ ನೇತೃತ್ವದ ಸಮಿತಿ ಆಗಸ್ಟ್ 16ರಂದು ವರದಿ ಕೊಟ್ಟಿತು. ಒಂದೇ ಕಾರಣಕ್ಕೆ ಗಂಟುಹಾಕದೆ, ಮಾರ್ಗಗಳ ಅಲಭ್ಯತೆ, ಒಂದು ಕೊಂಡಿಯ ಮೇಲಿನ ಅತಿಹೊರೆ, ಸೂಚನೆಗಳಿಗೆ ರಾಜ್ಯಗಳ ದುರ್ಬಲ ಸ್ಪಂದನೆ, ರಿಲೇಯ ತಪ್ಪು ನಡೆ ಇವೆಲ್ಲ ಕೂಡಿದ್ದನ್ನು ಅದು ಬಿಡಿಸಿಟ್ಟಿತು. ರಕ್ಷಣಾ ಸೆಟ್ಟಿಂಗ್‌ಗಳ ತಪಾಸಣೆ, ಪಿಎಂಯು ಆಧಾರಿತ ವಿಶಾಲ ಜಾಲದ ಅಳತೆ, ಕ್ಷಣಕ್ಷಣದ ಭದ್ರತಾ ಲೆಕ್ಕ, ದ್ವೀಪೀಕರಣ ಯೋಜನೆಗಳು ಅದರ ಶಿಫಾರಸುಗಳಲ್ಲಿದ್ದವು.

ಇವುಗಳಲ್ಲಿ ಅಳತೆಯ ಭಾಗ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಪವರ್‌ಗ್ರಿಡ್ ಸಂಸ್ಥೆ ಕೈಗೊಂಡ ಯೋಜನೆಯಲ್ಲಿ ಸಾವಿರಕ್ಕೂ ಹೆಚ್ಚು ಪಿಎಂಯುಗಳು ದೇಶದ ಸಬ್‌ಸ್ಟೇಷನ್‌ಗಳಲ್ಲಿ ಕೂತವು. ಆವರ್ತನದ ಪಟ್ಟಿಯನ್ನು 2012ರ ಸೆಪ್ಟೆಂಬರ್‌ನಲ್ಲಿ 49.7–50.2ಕ್ಕೂ, 2014ರ ಫೆಬ್ರುವರಿಯಲ್ಲಿ 49.9–50.05ಕ್ಕೂ ಬಿಗಿಗೊಳಿಸಲಾಯಿತು. 2014ರಲ್ಲಿ ಬಂದ ಹೊಸ ನಿಯಮ ದರಕ್ಕಷ್ಟೇ ತೃಪ್ತವಾಗದೆ, ಆವರ್ತನ ಎಷ್ಟೇ ಚೆನ್ನಾಗಿರಲಿ, ರಾಜ್ಯವೊಂದು ನಿಗದಿಯಿಂದ ಎಷ್ಟು ಸರಿಯಬಹುದು ಎಂಬ ಪ್ರಮಾಣಕ್ಕೇ ಮಿತಿ ಹಾಕಿತು. ಈ ಪ್ರಕರಣದ ಒಳತಿರುಳನ್ನು ಹೆಚ್ಚು ಸರಿಯಾಗಿ ಹಿಡಿದ ಬದಲಾವಣೆ ಇದೇ ಎಂದು ನನ್ನ ಎಣಿಕೆ.

2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ನಡುವಿನ 765 ಕಿಲೋವೋಲ್ಟ್ ಮಾರ್ಗದ ಮೂಲಕ ದಕ್ಷಿಣವೂ ಉಳಿದ ದೇಶದ ಲಯಕ್ಕೆ ಸೇರಿತು. ಅಂದಿನಿಂದ ಬೆಂಗಳೂರಿನಲ್ಲಿ ಅಳೆದ ಆವರ್ತನ ಗ್ವಾಲಿಯರ್‌ನದ್ದೇ ಆವರ್ತನ. ಜುಲೈ 2012ರಲ್ಲಿ ನಮ್ಮನ್ನು ಕಾಪಾಡಿದ ಲಯದ ಅಂತರ ಈಗಿಲ್ಲ. ಬದಲಿಗೆ ಕೊರತೆಯ ದಿನ ಉತ್ತರದಿಂದ ವಿದ್ಯುತ್ ತರಿಸಿಕೊಳ್ಳುವ, ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕಿನಿಂದ ಮಧ್ಯಾಹ್ನ ಹೆಚ್ಚಾದದ್ದನ್ನು ಹೊರಗೆ ಕಳಿಸುವ ಅನುಕೂಲವಿದೆ. ಸೌರ ವಿದ್ಯುತ್ ಬಂದ ಮೇಲೆ ವಾಟ ಋತುವಿಗೊಮ್ಮೆಯಲ್ಲ, ಬೆಳಗಿಗೂ ಸಂಜೆಗೂ ದಿಕ್ಕು ಬದಲಿಸುತ್ತದೆ. ತಿರುಗುವ ಭಾರೀ ಚಕ್ರಗಳ ಜಡತ್ವವೂ ಆ ಹೊತ್ತಿನಲ್ಲಿ ಕಡಿಮೆ.

ಕೂಡಿದ ಜಾಲಕ್ಕೆ ಒಂದು ವಿಚಿತ್ರ ಪರೀಕ್ಷೆ 2020ರ ಏಪ್ರಿಲ್ 5ರಂದು ಬಂತು. ರಾತ್ರಿ 9 ಗಂಟೆಗೆ ಒಂಬತ್ತು ನಿಮಿಷ ದೀಪ ಆರಿಸಿ ಎಂಬ ಕರೆಯಿಂದ ದೇಶದ ಬೇಡಿಕೆ ಸುಮಾರು 31,000 ಮೆಗಾವಾಟ್ ಕುಸಿದು ಮತ್ತೆ ಏರಿತು. ಜಲವಿದ್ಯುತ್ ಸ್ಥಾವರಗಳು 17,000 ಮೆಗಾವಾಟ್‌ಗೂ ಹೆಚ್ಚು ಇಳಿಸಿ ಮತ್ತೆ ಏರಿಸಿದವು, ಆವರ್ತನ 49.70 ಮತ್ತು 50.26 ಹರ್ಟ್ಸ್ ನಡುವೆಯೇ ನಿಂತಿತು. ಅದು ಪ್ರಶ್ನೆಪತ್ರಿಕೆ ಎರಡು ದಿನ ಮೊದಲೇ ಗೊತ್ತಿದ್ದ ಪರೀಕ್ಷೆ. ರಾಜ್ಯ ಕೇಂದ್ರಗಳೂ ಸ್ಥಾವರಗಳೂ ಕೊಟ್ಟ ಸೂಚನೆಯನ್ನು ಅಂದು ನಿಮಿಷ ತಪ್ಪದೆ ಪಾಲಿಸಿದವು. ಬೀನಾ–ಗ್ವಾಲಿಯರ್‌ನ ವಿಷಯದಲ್ಲೂ ಜನ ಲೆಕ್ಕ ಹಿಡಿಯುವ ನಾಲ್ಕೈದು ಸೆಕೆಂಡುಗಳು ರಿಲೇ ಕಡಿದ ನಂತರದವು. ಹೊರೆ ಇಳಿಸಿ ಎಂಬ ಸೂಚನೆಗಳು ಅದಕ್ಕೂ ಬಹಳ ಮುಂಚಿನಿಂದ ರಾಜ್ಯ ಕೇಂದ್ರಗಳಿಗೆ ಹೋಗುತ್ತಲೇ ಇದ್ದವು.